ಒಂದು ‘ವಾಕ್ಯ’ದ ಪಯಣ: ಆದಿ ಕ್ರೈಸ್ತ ಚಿಂತನೆಯ ಯಹೂದಿ ಬೇರು, ಗ್ರೀಕ್ ನುಡಿ

ಈದ್ ದಿನದ ಬೆಳಿಗ್ಗೆ ಆರ್.ಟಿ. ನಗರ, ಹೆಬ್ಬಾಳ ಮುಂತಾದ ಕಡೆಗಳಿಂದ ಹೊರಟ ಜನಸಮೂಹವು ಮಿಲ್ಲರ್ಸ್ ರಸ್ತೆಯ ಖುದ್ದೂಸ್ ಸಾಹೇಬ್ ಈದ್ಗಾ ಮೈದಾನದತ್ತ ಸಾಗುವ ದೃಶ್ಯವು ಬೆಂಗಳೂರಿನ ಮುಸ್ಲಿಮ್ ಕುಟುಂಬಗಳಿಗೆ ಚಿರಪರಿಚಿತ. ಅದೇ ರಸ್ತೆಯಲ್ಲಿ, ಬೆನ್ಸನ್ ಟೌನಿನಲ್ಲಿ, 1910ರಲ್ಲಿ ಸ್ಥಾಪನೆಯಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ. ಪ್ರೊಟೆಸ್ಟೆಂಟ್ ಸಭೆಗಳ ಭಾವೀ ಪಾದ್ರಿಗಳು ಅಲ್ಲಿ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿಯುತ್ತಾರೆ. ಅಲ್ಲಿಂದ ಕೆಲವು ಕಿಲೋಮೀಟರ್ ಉತ್ತರಕ್ಕೆ, ನಾಗವಾರದ ಬಳಿ, ದಾರುಲ್ ಉಲೂಮ್ ಸಬೀಲುರ್ರಶಾದ್ ಇದೆ. ಸುತ್ತಲಿನ ಜನ ಅದನ್ನು ಅರೇಬಿಕ್ ಕಾಲೇಜು ಎಂದೇ ಕರೆಯುತ್ತಾರೆ. ಒಂದೇ ನಗರದ ಒಂದೇ ಭಾಗದಲ್ಲಿ ಎರಡು ಸಮುದಾಯಗಳ ವಿದ್ಯಾರ್ಥಿಗಳು ಪ್ರಾಚೀನ ಭಾಷೆಗಳ ವ್ಯಾಕರಣವನ್ನು ಕಂಠಪಾಠ ಮಾಡುತ್ತಾರೆ. ಆದರೆ ಒಬ್ಬರು ಏನು ಓದುತ್ತಾರೆಂಬುದು ಇನ್ನೊಬ್ಬರಿಗೆ ಬಹುಮಟ್ಟಿಗೆ ತಿಳಿಯದು.

ಒಂದು ಈದ್‌ನ ನಮಾಝ್ ಮುಗಿಸಿ ಮರಳುವಾಗ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ಮಗ ಒಂದು ಪ್ರಶ್ನೆ ಕೇಳಿದ. ಅವನ ಕ್ರೈಸ್ತ ಸಹಪಾಠಿಯೊಬ್ಬ ಕನ್ನಡ ಬೈಬಲನ್ನು ತೋರಿಸಿ, ಯೊಹಾನನ ಸುವಾರ್ತೆಯಲ್ಲಿ ಯೇಸುವನ್ನು ‘ವಾಕ್ಯ’ ಎಂದು ಕರೆಯಲಾಗಿದೆ, ನಿಮ್ಮ ಕುರ್‌ಆನಿನಲ್ಲೂ ಹಾಗೆಯೇ ಇದೆಯಂತಲ್ಲ ಎಂದಿದ್ದನಂತೆ. “ಅಬ್ಬಾ, ಇಬ್ಬರೂ ಒಂದೇ ಮಾತು ಹೇಳಿದರೆ ನಮಗೂ ಅವರಿಗೂ ವ್ಯತ್ಯಾಸವೇನು?” ನಾನು ಒಡನೆಯೇ, “ಅವರ ಧರ್ಮದಲ್ಲಿ ಗ್ರೀಕರ ವಿಚಾರಗಳು ಬೆರೆತುಹೋದವು, ಅಷ್ಟೇ” ಎಂದುಬಿಟ್ಟೆ. ಅದು ನಾನು ಹಲವು ಬಾರಿ ತರಗತಿಯಲ್ಲಿಯೂ ಹೇಳಿದ್ದ ಮಾತು. ಮನೆ ತಲುಪುವಷ್ಟರಲ್ಲಿ ಆ ಉತ್ತರ ನನಗೇ ಹಗುರವೆನಿಸಿತು. ಈ ಲೇಖನವು ಆ ಉತ್ತರವನ್ನು ತಿದ್ದಿಕೊಳ್ಳುವ ಪ್ರಯತ್ನ.

ಕನ್ನಡಕ್ಕೆ ಬಂದ ‘ವಾಕ್ಯ’

ಮೊದಲು ನಮ್ಮ ನಾಡಿನಿಂದಲೇ ಆರಂಭಿಸೋಣ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಕನ್ನಡ ಕಲಿತು, ಬೈಬಲಿನ ಅನುವಾದಕ್ಕೆ ತೊಡಗಿದರು. ನಂತರ ವಿಲಿಯಂ ರೀವ್ ಅವರೊಂದಿಗೆ ಸೇರಿದರು. 1830ರ ದಶಕದ ಆರಂಭದ ವೇಳೆಗೆ ಇಡೀ ಬೈಬಲ್ ಕನ್ನಡದಲ್ಲಿ ಲಭ್ಯವಾಯಿತು. ಇದೇ ರೀವ್ ಕನ್ನಡ–ಇಂಗ್ಲಿಷ್ ನಿಘಂಟನ್ನೂ ರಚಿಸಿದವರು.

ಅನುವಾದಕನ ಕಷ್ಟವನ್ನು ಊಹಿಸಿರಿ. ಯೊಹಾನನ ಸುವಾರ್ತೆಯ ಮೊದಲ ಸಾಲಿನಲ್ಲಿಯೇ ‘ಲೋಗೋಸ್’ ಎಂಬ ಗ್ರೀಕ್ ಪದವಿದೆ. ಅದಕ್ಕೆ ಮಾತು, ವಿವೇಕ, ಕಾರಣ, ಲೆಕ್ಕ, ವಿವರಣೆ ಎಂಬ ಹಲವು ಅರ್ಥಗಳಿವೆ. ಕನ್ನಡದಲ್ಲಿ ನುಡಿ, ಮಾತು, ಶಬ್ದ, ವಾಕ್ಕು, ವಚನ ಎಂಬ ಪದಗಳು ಸಿದ್ಧವಾಗಿದ್ದರೂ ಒಂದೊಂದಕ್ಕೂ ತನ್ನದೇ ಆದ ಚರಿತ್ರೆಯಿತ್ತು. ‘ಶಬ್ದ’ ಎಂದರೆ ವ್ಯಾಕರಣಜ್ಞರ ಶಬ್ದಬ್ರಹ್ಮದ ನೆನಪು, ‘ವಚನ’ ಎಂದರೆ ಬಸವಾದಿ ಶರಣರ ನೆನಪು. ಇಂದಿನ ಕನ್ನಡ ಬೈಬಲಿನಲ್ಲಿ ನಾವು ಕಾಣುವುದು ‘ವಾಕ್ಯ’. ಶಾಲೆಯಲ್ಲಿ ಕರ್ತೃ, ಕರ್ಮ, ಕ್ರಿಯಾಪದಗಳನ್ನು ಕಲಿತವನಿಗೆ ಅದು ಮೊದಲು ವ್ಯಾಕರಣದ ವಾಕ್ಯವಾಗಿಯೇ ಕಾಣುತ್ತದೆ. ಪದವು ಹೊಸ ಮನೆಗೆ ಬಂದಾಗ ಹಳೆಯ ಮನೆಯ ಸಾಮಾನುಗಳೆಲ್ಲವೂ ಜೊತೆಗೆ ಬರುವುದಿಲ್ಲ, ಹೊಸ ಮನೆಯ ಗಾಳಿಯಂತೂ ಅದಕ್ಕೆ ತಾಗಿಯೇ ತಾಗುತ್ತದೆ.

ಇದು ಕ್ರೈಸ್ತರೊಬ್ಬರ ಅನುಭವವಲ್ಲ. ನಾವು ‘ನಬಿ’ ಎಂಬುದಕ್ಕೆ ಕನ್ನಡದಲ್ಲಿ ‘ಪ್ರವಾದಿ’ ಎನ್ನುತ್ತೇವೆ. ಕನ್ನಡ ಬೈಬಲಿನಲ್ಲಿಯೂ ಅದೇ ಪದವಿದೆ. ಅದು ಸಂಸ್ಕೃತ ಮೂಲದ ಪದ. ಆದರೂ ‘ಪ್ರವಾದಿ ಮುಹಮ್ಮದ್(ಸ)’ ಎಂದಾಗ ನಮ್ಮ ಮಕ್ಕಳ ಮನಸ್ಸಿನಲ್ಲಿ ಮೂಡುವ ಅರ್ಥವು ಶುದ್ಧವಾಗಿ ನಮ್ಮದೇ. ಇದನ್ನು ನೆನಪಿನಲ್ಲಿಟ್ಟುಕೊಂಡು ಎರಡು ಸಾವಿರ ವರ್ಷಗಳ ಹಿಂದಕ್ಕೆ ಹೋಗೋಣ.

ಯಹೂದಿ ಬೇರು

ಈಸಾ(ಅ) ಬನೂ ಇಸ್ರಾಈಲರ ನಡುವೆ ಹುಟ್ಟಿ, ಅವರಿಗೆ ಕಳುಹಿಸಲ್ಪಟ್ಟವರು. ಅವರ ಆಡುನುಡಿ ಹೀಬ್ರೂ ಮತ್ತು ಅರಬಿ ಭಾಷೆಗಳ ಸೋದರಿಯಾದ ಅರಾಮಿಕ್. ಅವರ ಮೊದಲ ಅನುಯಾಯಿಗಳು ತೌರಾತನ್ನು ಓದುತ್ತಿದ್ದ, ಸಬ್ಬತ್ ಆಚರಿಸುತ್ತಿದ್ದ, ಜೆರುಸಲೇಮಿನ ದೇವಾಲಯದಲ್ಲಿ ಪ್ರಾರ್ಥಿಸುತ್ತಿದ್ದ ಯಹೂದಿಗಳು. ‘ಕ್ರಿಸ್ತ’ ಎಂಬ ಗ್ರೀಕ್ ಮೂಲದ ಹೆಸರು ಕೂಡ ಹೀಬ್ರೂವಿನ ‘ಮಶೀಹ’ದ ಅನುವಾದವೇ. ಅದರ ಅರ್ಥ ಅಭಿಷಿಕ್ತ. ನಾವು ‘ಮಸೀಹ್’ ಎನ್ನುವುದು ಅದನ್ನೇ.

ಜೆರುಸಲೇಮಿನ ಈ ಸಮುದಾಯಕ್ಕೆ ಯಾಕೋಬರು ಮುಖಂಡರಾಗಿದ್ದರು. ಸುಮಾರು ಕ್ರಿ.ಶ. 49ರಲ್ಲಿ ಅಲ್ಲಿ ಒಂದು ಮಹತ್ವದ ಚರ್ಚೆ ನಡೆಯಿತು. ಯಹೂದಿಗಳಲ್ಲದವರು ಈ ಮಾರ್ಗಕ್ಕೆ ಬರುವುದಾದರೆ ಅವರಿಗೆ ಸುನ್ನತಿ ಮತ್ತು ತೌರಾತಿನ ನಿಯಮಗಳು ಕಡ್ಡಾಯವೇ? ಕಡ್ಡಾಯವಲ್ಲ ಎಂದು ವಾದಿಸಿದವರಲ್ಲಿ ಪ್ರಮುಖರು ತಾರ್ಸದ ಪೌಲರು. ಅವರು ಯಹೂದಿ ಶಾಸ್ತ್ರದಲ್ಲಿ ಪಳಗಿದ್ದ, ಗ್ರೀಕ್‌ನಲ್ಲಿ ಬರೆಯುತ್ತಿದ್ದ ವ್ಯಕ್ತಿ. ಸಭೆಯು ಅವರ ವಾದವನ್ನು ಒಪ್ಪಿತು. ಆದರೆ ವಿಗ್ರಹಗಳಿಗೆ ಅರ್ಪಿಸಿದ ಆಹಾರ, ರಕ್ತ, ಕತ್ತು ಹಿಸುಕಿ ಕೊಂದ ಪ್ರಾಣಿಯ ಮಾಂಸ ಮತ್ತು ಅನೈತಿಕತೆಯಿಂದ ದೂರವಿರಬೇಕೆಂದು ವಿಧಿಸಿತು. ಈ ಪಟ್ಟಿಯನ್ನು ಓದುವ ಮುಸ್ಲಿಮನಿಗೆ ಅದು ಅಪರಿಚಿತವೆನಿಸದು.

62ರಲ್ಲಿ ಯಾಕೋಬರ ಹತ್ಯೆಯಾಯಿತು. 70ರಲ್ಲಿ ರೋಮನ್ ಸೇನೆಯು ದೇವಾಲಯವನ್ನು ನೆಲಸಮ ಮಾಡಿತು. ಜೆರುಸಲೇಮಿನ ಸಮುದಾಯದ ಪ್ರಭಾವ ಕುಗ್ಗಿ, ಗ್ರೀಕ್ ಮಾತನಾಡುವ ನಗರಗಳ ಸಭೆಗಳು ಮುಂದೆ ಬಂದವು. ತೌರಾತನ್ನು ಪಾಲಿಸುತ್ತ, ಈಸಾರನ್ನು ಮಸೀಹ್ ಎಂದು ನಂಬುತ್ತ, ಆದರೆ ಮನುಷ್ಯರೆಂದೇ ತಿಳಿದಿದ್ದ ಎಬಿಯೋನೈಟರಂಥ ಗುಂಪುಗಳೂ ಕೆಲವು ಶತಮಾನ ಉಳಿದಿದ್ದವು. ಅವರ ಕುರಿತು ನಮಗೆ ದೊರೆಯುವುದು ಬಹುಪಾಲು ಅವರ ವಿರೋಧಿಗಳು ಬರೆದಿಟ್ಟ ಮಾತುಗಳೇ.

ಅಲೆಕ್ಸಾಂಡ್ರಿಯದ ಕವಲುದಾರಿ

ಹಾಗಾದರೆ ಗ್ರೀಕ್ ಪ್ರಭಾವ ಎಲ್ಲಿಂದ ಬಂತು? ಕ್ರೈಸ್ತರು ಅದನ್ನು ತಂದರೆಂದೇ ನಾನು ತಿಳಿದಿದ್ದೆ. ಇತಿಹಾಸ ಹೇಳುವುದು ಬೇರೆ.

ಈಸಾ(ಅ) ಅವರಿಗಿಂತ ಎರಡು ಮೂರು ಶತಮಾನಗಳ ಮೊದಲೇ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ದೊಡ್ಡ ಯಹೂದಿ ಸಮುದಾಯವೊಂದು ನೆಲೆಸಿತ್ತು. ಅವರ ಮಕ್ಕಳಿಗೆ ಹೀಬ್ರೂ ಮರೆತುಹೋಗಿ ಗ್ರೀಕ್ ಮನೆಮಾತಾಗಿತ್ತು. ಬೆಂಗಳೂರಿನಲ್ಲಿ ಅರಬಿಯನ್ನು ಓದಬಲ್ಲ, ಆದರೆ ಅರ್ಥ ತಿಳಿಯದ ನಮ್ಮ ಮಕ್ಕಳ ಸ್ಥಿತಿಯನ್ನು ಕಂಡವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆದ್ದರಿಂದ ಕ್ರಿ.ಪೂ. 3ನೇ ಶತಮಾನದಿಂದ ಯಹೂದಿಗಳೇ ತಮ್ಮ ಗ್ರಂಥಗಳನ್ನು ಗ್ರೀಕ್‌ಗೆ ಅನುವಾದಿಸತೊಡಗಿದರು. ಎಪ್ಪತ್ತೆರಡು ಪಂಡಿತರು ಅನುವಾದಿಸಿದರೆಂಬ ಐತಿಹ್ಯದಿಂದಾಗಿ ಆ ಅನುವಾದಕ್ಕೆ ‘ಎಪ್ಪತ್ತು’ ಎಂಬ ಅರ್ಥದ ‘ಸೆಪ್ಟುಅಜಿಂಟ್’ ಎಂಬ ಹೆಸರು ಬಂತು. ಹೀಬ್ರೂವಿನಲ್ಲಿ ದೇವರ ಮಾತಿಗೆ ‘ದಾವಾರ್’ ಎನ್ನುತ್ತಾರೆ. ಆ ಮಾತಿನಿಂದಲೇ ಆಕಾಶಗಳು ಉಂಟಾದವೆಂಬ ಕೀರ್ತನೆಯೊಂದನ್ನು ಅನುವಾದಿಸುವಾಗ ಅವರು ಬಳಸಿದ ಗ್ರೀಕ್ ಪದ ‘ಲೋಗೋಸ್’.

ಅಷ್ಟರಲ್ಲಿ ಆ ಪದಕ್ಕೆ ಗ್ರೀಕ್ ತತ್ತ್ವಜ್ಞಾನದಲ್ಲಿ ದೀರ್ಘ ಆಯುಷ್ಯವಿತ್ತು. ಸುಮಾರು ಕ್ರಿ.ಪೂ. 500ರಲ್ಲಿದ್ದ ಎಫೆಸದ ಹೆರಾಕ್ಲಿಟಸ್, ಬದಲಾಗುತ್ತಲೇ ಇರುವ ಜಗತ್ತಿನ ಹಿಂದಿರುವ ಕ್ರಮವನ್ನು ಲೋಗೋಸ್ ಎಂದು ಕರೆದಿದ್ದ. ಸ್ಟೋಯಿಕ್ ಪಂಥದವರ ಪ್ರಕಾರ ಅದು ವಿಶ್ವದಲ್ಲೆಲ್ಲ ವ್ಯಾಪಿಸಿದ ವಿವೇಕ. ಈ ಎರಡೂ ಧಾರೆಗಳು ಒಬ್ಬ ಯಹೂದಿಯ ಬರಹದಲ್ಲಿ ಕೂಡಿದವು. ಆತ ಈಸಾ(ಅ) ಅವರ ಸಮಕಾಲೀನನಾದ ಅಲೆಕ್ಸಾಂಡ್ರಿಯದ ಫಿಲೋ. ಪರಮ ಪವಿತ್ರನೂ ಅಗೋಚರನೂ ಆದ ದೇವರು ಈ ಮಣ್ಣಿನ ಜಗತ್ತಿನೊಂದಿಗೆ ಹೇಗೆ ಸಂಬಂಧವಿಡುತ್ತಾನೆ ಎಂಬ ಪ್ರಶ್ನೆಗೆ, ಲೋಗೋಸ್ ಮೂಲಕ ಎಂದು ಆತ ಉತ್ತರಿಸಿದ. ಒಂದೆಡೆಯಂತೂ ಅದನ್ನು ‘ಎರಡನೆಯ ದೇವರು’ ಎಂದೂ ಕರೆದುಬಿಟ್ಟ.

ಫಿಲೋ ವಿಗ್ರಹಾರಾಧಕನೇನೂ ಅಲ್ಲ. ರೋಮಿನ ಚಕ್ರವರ್ತಿ ಕಲಿಗುಲ ತಾನೇ ದೇವರೆನ್ನುತ್ತ ಜೆರುಸಲೇಮಿನ ದೇವಾಲಯದಲ್ಲಿ ತನ್ನ ಪ್ರತಿಮೆಯನ್ನಿಡಲು ಹೊರಟಿದ್ದ ದಿನಗಳಲ್ಲಿ, ಅಲೆಕ್ಸಾಂಡ್ರಿಯದ ಯಹೂದಿಗಳ ನಿಯೋಗವನ್ನು ಮುನ್ನಡೆಸಿ ಅವನೆದುರು ನಿಂತ ವೃದ್ಧ ಆತ. ಅಂಥ ಏಕದೇವವಿಶ್ವಾಸಿಯ ಲೇಖನಿಯಿಂದಲೂ ಆ ಮಾತು ಬಂತು. ಅರಾಮಿಕ್ ಭಾಷೆಯ ತೌರಾತ್ ಅನುವಾದಗಳಲ್ಲಿಯೂ ದೇವರ ‘ಮೇಮ್ರಾ’, ಅಂದರೆ ಮಾತು, ದೇವರ ಪರವಾಗಿ ಕಾರ್ಯವೆಸಗುವಂತೆ ವರ್ಣಿಸಲಾಗಿದೆ. ಹೀಗೆ ಯೊಹಾನನ ಸುವಾರ್ತೆಯು 1ನೇ ಶತಮಾನದ ಕೊನೆಯ ಭಾಗದಲ್ಲಿ ಗ್ರೀಕ್‌ನಲ್ಲಿ ರಚಿತವಾದಾಗ ‘ಲೋಗೋಸ್’ ಆಗಲೇ ಯಹೂದಿಗಳ ಮನೆಯಲ್ಲಿಯೂ ಬಳಕೆಯಲ್ಲಿದ್ದ ಪದವಾಗಿತ್ತು. ಸುವಾರ್ತೆಯು ಹೊಸದಾಗಿ ಹೇಳಿದ್ದು ಒಂದೇ: ಆ ಲೋಗೋಸ್ ಮನುಷ್ಯದೇಹ ಧರಿಸಿತೆಂಬುದು. ಫಿಲೋ ಅದನ್ನು ಎಂದೂ ಹೇಳಿರಲಿಲ್ಲ.

ಅಥೆನ್ಸೋ, ಜೆರುಸಲೇಮೋ?

ಮುಂದಿನ ಇನ್ನೂರು ವರ್ಷಗಳ ಕಾಲ ಕ್ರೈಸ್ತರು ತಮ್ಮೊಳಗೇ ಜಗ್ಗಾಡಿದರು. ಪ್ಯಾಲೆಸ್ಟೀನಿನ ಇಂದಿನ ನಾಬ್ಲುಸ್‌ನಲ್ಲಿ ಹುಟ್ಟಿದ ಜಸ್ಟಿನ್ ಕ್ರೈಸ್ತನಾದ ಮೇಲೆಯೂ ತತ್ತ್ವಜ್ಞಾನಿಯ ಉಡುಪನ್ನು ಬಿಡಲಿಲ್ಲ. ಲೋಗೋಸಿನ ಬೀಜಗಳು ಸಾಕ್ರೆಟಿಸ್‌ನಂಥವರಲ್ಲಿಯೂ ಇದ್ದವು ಎಂಬುದು ಅವನ ವಾದ. ಯಹೂದಿಯೊಬ್ಬನೊಂದಿಗೆ ನಡೆಸಿದ ದೀರ್ಘ ಸಂವಾದವನ್ನೂ ಬರೆದಿಟ್ಟ ಅವನು ಸುಮಾರು 165ರಲ್ಲಿ ರೋಮಿನಲ್ಲಿ ಪ್ರಾಣದಂಡನೆಗೆ ಗುರಿಯಾದ. ಕಾರ್ಥೇಜಿನ ತೆರ್ತುಲಿಯನ್ ಇದಕ್ಕೆ ತದ್ವಿರುದ್ಧವಾಗಿ, ಅಥೆನ್ಸಿಗೂ ಜೆರುಸಲೇಮಿಗೂ ಏನು ಸಂಬಂಧವೆಂದು ಸಿಡುಕಿದ. ಆದರೆ ಲ್ಯಾಟಿನ್ನಿನಲ್ಲಿ ‘ತ್ರಿನಿತಾಸ್’, ಅಂದರೆ ತ್ರಿತ್ವ, ಎಂಬ ಪದವನ್ನು ಬಳಕೆಗೆ ತಂದವನೂ ಅವನೇ!

ಇನ್ನೊಂದು ತುದಿಯಲ್ಲಿ ಮಾರ್ಸಿಯನ್ ಇದ್ದ. ಯಹೂದಿಗಳ ದೇವರೇ ಬೇರೆ, ಈಸಾ(ಅ) ಸಾರಿದ ದೇವರೇ ಬೇರೆ ಎಂದು ವಾದಿಸಿ, ಹಳೆಯ ಒಡಂಬಡಿಕೆಯನ್ನೇ ಕಿತ್ತೊಗೆಯಬೇಕೆಂದ. ಸುಮಾರು 144ರಲ್ಲಿ ರೋಮಿನ ಸಭೆಯು ಅವನನ್ನು ಹೊರಹಾಕಿತು. ಯಹೂದಿ ಬೇರನ್ನು ಕಡಿಯಲು ಕ್ರೈಸ್ತರು ಒಪ್ಪಲಿಲ್ಲ. 3ನೇ ಶತಮಾನದಲ್ಲಿ ಒರಿಜೆನ್ ಎಂಬ ವಿದ್ವಾಂಸನು ಹೀಬ್ರೂ ಪಠ್ಯವನ್ನೂ ಗ್ರೀಕ್ ಅನುವಾದಗಳನ್ನೂ ಆರು ಅಂಕಣಗಳಲ್ಲಿ ಅಕ್ಕಪಕ್ಕ ಬರೆಸಿ ಹೋಲಿಸುವ ಮಹಾಕಾರ್ಯ ಕೈಗೊಂಡ.

ಕೊನೆಗೆ ಬಂತು 325ರ ನಿಕಿಯ ಸಭೆ. ಅದು ನಡೆದದ್ದು ಇಂದಿನ ತುರ್ಕಿಯ ಇಝ್ನಿಕ್‌ನಲ್ಲಿ, ಚಕ್ರವರ್ತಿ ಕಾನ್‌ಸ್ಟಂಟೈನನ ಆಶ್ರಯದಲ್ಲಿ. ಅಲೆಕ್ಸಾಂಡ್ರಿಯದ ಆರಿಯಸ್, ಪುತ್ರನು ಸೃಷ್ಟಿಯಾದವನು, ಅವನಿಲ್ಲದ ಕಾಲವೊಂದಿತ್ತು ಎಂದು ಬೋಧಿಸಿದ್ದ. ಸಭೆಯು ಅದನ್ನು ತಿರಸ್ಕರಿಸಿ, ಪುತ್ರನು ಪಿತನೊಂದಿಗೆ ‘ಹೋಮೋಊಸಿಯೋಸ್’, ಅಂದರೆ ಏಕಸತ್ತ್ವವುಳ್ಳವನು, ಎಂದು ಘೋಷಿಸಿತು. ಆ ಪದ ಬೈಬಲಿನಲ್ಲಿ ಇಲ್ಲವೆಂದು ಆಗಲೇ ಹಲವು ಬಿಷಪರು ಆಕ್ಷೇಪಿಸಿದ್ದರು. ವಿವಾದವು 381ರ ಕಾನ್‌ಸ್ಟಾಂಟಿನೋಪಲ್ ಸಭೆಯವರೆಗೂ ಎಳೆಯಿತು.

ಇಲ್ಲಿ ನಮ್ಮ ವೇದಿಕೆಗಳಲ್ಲಿ ಪದೇ ಪದೇ ಕೇಳಿಬರುವ ಮೂರು ತಪ್ಪುಗಳನ್ನು ತಿದ್ದುವುದು ಅಗತ್ಯ. ಒಂದು, ನಿಕಿಯದಲ್ಲಿ ಬೈಬಲಿನ ಪುಸ್ತಕಗಳನ್ನು ಆರಿಸಲಾಯಿತೆಂಬುದು. ಅದು ಆ ಸಭೆಯ ವಿಷಯವೇ ಆಗಿರಲಿಲ್ಲ. ಎರಡು, ತ್ರಿತ್ವವನ್ನು ಕಾನ್‌ಸ್ಟಂಟೈನ್ ಹುಟ್ಟುಹಾಕಿದನೆಂಬುದು. ತೆರ್ತುಲಿಯನ್ ಆ ಪದವನ್ನು ಬಳಸಿದ್ದು ಅದಕ್ಕಿಂತ ಒಂದು ಶತಮಾನ ಮೊದಲು. ಮೂರು, ಆರಿಯಸ್ ನಮ್ಮಂತೆಯೇ ನಂಬಿದ್ದನೆಂಬುದು. ಆತನ ಪ್ರಕಾರ ಪುತ್ರನು ಜಗತ್ತಿಗಿಂತ ಮೊದಲೇ ಇದ್ದವನು, ಜಗತ್ತು ಅವನ ಮೂಲಕವೇ ಸೃಷ್ಟಿಯಾಯಿತು. ಕುರ್‌ಆನ್ ಹೇಳುವ, ಮರ್ಯಮರ ಪುತ್ರ ಈಸಾ(ಅ) ಹಾಗಲ್ಲ. ಸುಳ್ಳು ಆಧಾರದ ಮೇಲೆ ಸತ್ಯವನ್ನು ಸ್ಥಾಪಿಸಲು ಹೊರಟರೆ, ಆಧಾರ ಕುಸಿದ ದಿನ ನಮ್ಮ ಮಕ್ಕಳು ಸತ್ಯವನ್ನೂ ಸಂಶಯದಿಂದ ನೋಡುತ್ತಾರೆ.

ನಮ್ಮ ಮನೆಯ ಈಸಾಗೋಜಿ

ಮದ್ರಸಾದಲ್ಲಿ ತರ್ಕಶಾಸ್ತ್ರದ ಮೊದಲ ಪಾಠವಾಗಿ ನಾನು ಓದಿದ ಕಿರುಹೊತ್ತಗೆಯ ಹೆಸರು ‘ಈಸಾಗೋಜಿ’. 13ನೇ ಶತಮಾನದ ಅಸೀರುದ್ದೀನ್ ಅಲ್ ಅಬ್‌ಹರಿ ಅದನ್ನು ಅರಬಿಯಲ್ಲಿ ರಚಿಸಿದರು. ಆ ವಿಚಿತ್ರ ಹೆಸರಿನ ಅರ್ಥವೇನೆಂದು ನಾನು ಅಂದು ಕೇಳಲೂ ಇಲ್ಲ. ಅದು ಗ್ರೀಕ್ ಪದ, ಅರ್ಥ ‘ಪ್ರವೇಶಿಕೆ’. ಆ ಹೆಸರಿನ ಮೂಲ ಗ್ರಂಥವನ್ನು ಬರೆದವನು 3ನೇ ಶತಮಾನದ ಪೋರ್ಫಿರಿ. ಆತ ಕ್ರೈಸ್ತರ ವಿರುದ್ಧ ದೊಡ್ಡ ಗ್ರಂಥವನ್ನೇ ಬರೆದ ಬಹುದೇವತಾವಾದಿ! ಅವನ ತರ್ಕವನ್ನು ಸಿರಿಯಾಕ್ ಮಾತನಾಡುವ ಕ್ರೈಸ್ತರು ಓದಿದರು, ಅವರಿಂದ ಅರಬಿಗೆ ಬಂತು, ಅಲ್ಲಿಂದ ಭಾರತದ ಮದ್ರಸಾಗಳಿಗೆ ಬಂತು. ಅಬ್ಬಾಸೀ ಖಲೀಫ ಅಲ್ ಮಹ್ದಿಯು ಅರಿಸ್ಟಾಟಲನ ಗ್ರಂಥವೊಂದನ್ನು ಅನುವಾದಿಸಲು ವಹಿಸಿದ್ದು ಪೂರ್ವ ಸಭೆಯ ಧರ್ಮಾಧ್ಯಕ್ಷ ತಿಮೊಥೆಯನಿಗೆ. ಇವರಿಬ್ಬರೂ ಈಸಾ(ಅ) ಅವರ ಕುರಿತು ಬಗ್ದಾದಿನಲ್ಲಿ ಸಭ್ಯವಾಗಿ ವಾದಿಸಿದ ದಾಖಲೆಯೂ ಇದೆ. ಹಾಗಿರುವಾಗ ಗ್ರೀಕ್ ಪದವನ್ನು ಎರವಲು ಪಡೆದದ್ದೇ ಅವರ ಅಪರಾಧವೆಂದು ಹೇಳಲು ನನಗೆ ಯಾವ ಹಕ್ಕಿದೆ?

ಪದಗಳಷ್ಟೇ ಅಲ್ಲ, ಪ್ರಶ್ನೆಯೂ ನಮ್ಮ ಮನೆಗೆ ಬಂದಿತ್ತು. ಅಲ್ಲಾಹನ ಮಾತು ಸೃಷ್ಟಿಯೇ, ಅನಾದಿಯೇ? 8ನೇ ಶತಮಾನದ ದಮಾಸ್ಕಸ್ಸಿನ ಜಾನ್ ಎಂಬ ಕ್ರೈಸ್ತ ವಿದ್ವಾಂಸನು ಮುಸ್ಲಿಮರೊಂದಿಗೆ ವಾದಿಸುವಾಗ ಇದೇ ಪ್ರಶ್ನೆಯನ್ನು ಕೇಳಬೇಕೆಂದು ತನ್ನವರಿಗೆ ಸಲಹೆಯಿತ್ತಿದ್ದ. 833ರಲ್ಲಿ ಖಲೀಫ ಮಅ್‌ಮೂನ್, ಕುರ್‌ಆನ್ ಸೃಷ್ಟಿಯೆಂದು ಒಪ್ಪುವಂತೆ ವಿದ್ವಾಂಸರನ್ನು ಪರೀಕ್ಷೆಗೊಡ್ಡಿದನು. ಒಪ್ಪದ ಇಮಾಮ್ ಅಹ್ಮದ್ ಇಬ್ನ್ ಹಂಬಲ್(ರ) ಸೆರೆವಾಸ ಅನುಭವಿಸಿದರು, ಮುಅ್‌ತಸಿಮನ ಕಾಲದಲ್ಲಿ ಚಾಟಿಯೇಟುಗಳನ್ನು ತಿಂದರು. ರಾಜದಂಡವು ಧರ್ಮಸೂಕ್ಷ್ಮವನ್ನು ನಿರ್ಣಯಿಸಲು ಹೊರಟಾಗ ಏನಾಗುವುದೆಂಬುದು ನಿಕಿಯದ ಕ್ರೈಸ್ತರಿಗಷ್ಟೇ ಅಲ್ಲ, ನಮಗೂ ಗೊತ್ತು.

ನಂತರದ ಅಕೀದಾ ಗ್ರಂಥಗಳಲ್ಲಿ, ನಮ್ಮ ಮದ್ರಸಾಗಳಲ್ಲಿ ಇಂದಿಗೂ ಓದುವ ತಫ್ತಾಝಾನಿಯವರ ‘ಶರ್ಹುಲ್ ಅಕಾಇದ್’ನಲ್ಲಿ, ಅಲ್ಲಾಹನ ಗುಣಗಳು ಅವನೇ ಅಲ್ಲ, ಅವನಿಂದ ಬೇರೆಯೂ ಅಲ್ಲ ಎಂಬ ಸೂಕ್ಷ್ಮ ವಿವರಣೆ ಬರುತ್ತದೆ. ಅಲ್ಲಿಯೇ ಕ್ರೈಸ್ತರ ‘ಉಕ್ನೂಮ್’ಗಳ ಚರ್ಚೆಯೂ ಬರುತ್ತದೆ. ನಮ್ಮ ಗುಣಗಳ ಸಿದ್ಧಾಂತವು ಅವರದಕ್ಕಿಂತ ಹೇಗೆ ಭಿನ್ನವೆಂದು ಆ ಮಹಾನುಭಾವರು ವಿವರಿಸಲೇಬೇಕಾಯಿತು. ಎದುರಾಳಿಯ ಮಾತನ್ನು ಸರಿಯಾಗಿ ಅರಿಯದೆ ಅವರು ಉತ್ತರ ಕೊಟ್ಟಿರಲಿಲ್ಲ.

ಹಾಗಾದರೆ ವ್ಯತ್ಯಾಸವೆಲ್ಲಿ?

ಕನ್ನಡ ವ್ಯಾಕರಣದಲ್ಲಿ ತತ್ಸಮ, ತದ್ಭವ ಎಂಬ ವಿಂಗಡಣೆಯಿದೆ. ಹೊರಗಿನಿಂದ ಬಂದ ಪದವು ಹಾಗೆಯೇ ಉಳಿಯಬಹುದು, ಅಥವಾ ನಮ್ಮ ನಾಲಿಗೆಗೆ ಒಗ್ಗಿ ರೂಪ ಬದಲಿಸಬಹುದು. ಎರವಲು ಪಡೆದದ್ದೇ ದೋಷವೆಂದು ಯಾವ ವೈಯಾಕರಣಿಯೂ ಹೇಳಿಲ್ಲ. ಆ ಪದದಿಂದ ನೀವು ಯಾವ ಅರ್ಥವನ್ನು ಹೇಳುತ್ತಿದ್ದೀರಿ ಎಂಬುದೇ ಮುಖ್ಯ.

ಕುರ್‌ಆನಿನ ಆಲು ಇಮ್ರಾನ್ ಅಧ್ಯಾಯದ 45ನೇ ಸೂಕ್ತದಲ್ಲಿ ಮತ್ತು ಅನ್ನಿಸಾ ಅಧ್ಯಾಯದ 171ನೇ ಸೂಕ್ತದಲ್ಲಿ ಈಸಾ(ಅ) ಅವರಿಗೆ ಅಲ್ಲಾಹನ ‘ಕಲಿಮ’ ಎಂಬ ಗೌರವವಿದೆ. ಮಗನ ಸಹಪಾಠಿ ಹೇಳಿದ್ದು ನಿಜವೇ. ಆದರೆ ಆಲು ಇಮ್ರಾನಿನ 59ನೇ ಸೂಕ್ತವು ಅವರನ್ನು ಆದಮ(ಅ)ರಿಗೆ ಹೋಲಿಸುತ್ತದೆ: ತಂದೆಯಿಲ್ಲದೆ, ‘ಕುನ್’ ಅಂದರೆ ‘ಆಗು’ ಎಂಬ ಆಜ್ಞೆಯಿಂದ ಉಂಟಾದವರು. ಆದ್ದರಿಂದಲೇ ಅವರಿಗೆ ಆ ಹೆಸರೆಂದು ಅನೇಕ ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಕ್ರೈಸ್ತರ ನಂಬಿಕೆಯಲ್ಲಿ ವಾಕ್ಯವೇ ಮನುಷ್ಯನಾಯಿತು. ನಮ್ಮ ನಂಬಿಕೆಯಲ್ಲಿ ವಾಕ್ಯದಿಂದ ಒಬ್ಬ ಮನುಷ್ಯ, ಒಬ್ಬ ಮಹಾನ್ ಪ್ರವಾದಿ ಉಂಟಾದರು. ಕನ್ನಡದಲ್ಲಿ ಇದು ಒಂದು ವಿಭಕ್ತಿಪ್ರತ್ಯಯದ ಅಂತರ. ಆದರೆ ಆ ಅಂತರದಲ್ಲಿ ತೌಹೀದಿನ ಇಡೀ ಪ್ರಶ್ನೆ ಅಡಗಿದೆ. ಅದನ್ನು ಚಿಕ್ಕದೆನ್ನಲು ನಮಗಾಗಲಿ ಅವರಿಗಾಗಲಿ ಸಾಧ್ಯವಿಲ್ಲ.

ಕೆಲವು ದಿನಗಳ ನಂತರ ಮಗನನ್ನು ಕೂರಿಸಿಕೊಂಡು ಇದಿಷ್ಟನ್ನೂ ಹೇಳಿದೆ. ನನ್ನ ಮೊದಲ ಉತ್ತರ ಸರಿಯಿರಲಿಲ್ಲವೆಂದೂ ಹೇಳಿದೆ. ಅವನು ಕೇಳಿದ್ದು ಒಂದೇ: “ಇದನ್ನು ಅವನಿಗೆ ಹೇಳಿದರೆ ಬೇಸರವಾಗುತ್ತದಾ ಅಬ್ಬಾ?” ಅವರ ನಂಬಿಕೆಯನ್ನು ಅವರು ಹೇಳುವ ಹಾಗೆಯೇ ಮೊದಲು ಹೇಳು, ಆಮೇಲೆ ನಮ್ಮದನ್ನು ಹೇಳು, ಆಗ ಬೇಸರಕ್ಕೆ ಕಾರಣವಿರುವುದಿಲ್ಲ ಎಂದೆ. ಗ್ರಂಥದವರೊಂದಿಗೆ ಅತ್ಯುತ್ತಮ ರೀತಿಯಲ್ಲಲ್ಲದೆ ವಾದಿಸಬಾರದೆಂಬುದು ಅಲ್ ಅನ್‌ಕಬೂತ್ ಅಧ್ಯಾಯದ ಆಜ್ಞೆಯಲ್ಲವೇ?

ಪ್ರವಾದಿವರ್ಯರು(ಸ) ಗ್ರೀಕ್ ಮಾತನಾಡುವ ಸಾಮ್ರಾಜ್ಯದ ಅಧಿಪತಿ ಹಿರಾಕ್ಲಿಯಸ್‌ನಿಗೆ ಕಳುಹಿಸಿದ ಪತ್ರದ ವಿವರವು ಸಹೀಹ್ ಬುಖಾರಿಯಲ್ಲಿದೆ. ಆ ಸಂದರ್ಭದಲ್ಲಿ ಅವನ ಆಸ್ಥಾನದಲ್ಲಿ ಒಬ್ಬ ಭಾಷಾಂತರಕಾರನೂ ಇದ್ದ. ಆ ಪತ್ರದಲ್ಲಿದ್ದ ಆಲು ಇಮ್ರಾನಿನ 64ನೇ ಸೂಕ್ತವು ಗ್ರಂಥದವರನ್ನು ಕರೆದದ್ದು ಒಂದು ಸಮಾನವಾದ ‘ಕಲಿಮ’ದ ಕಡೆಗೆ, ಅಲ್ಲಾಹನೊಬ್ಬನನ್ನೇ ಆರಾಧಿಸುವ ಕಡೆಗೆ. ಭಿನ್ನತೆಯನ್ನು ಮರೆಮಾಚದೆ, ಎದುರಿನವರನ್ನು ಹೀಯಾಳಿಸದೆ ಕೊಟ್ಟ ಕರೆ ಅದು.

ಇತರರ ಕುರಿತು ಮಾತನಾಡುವಾಗಲೂ ನ್ಯಾಯಪಾಲಿಸುವ ಮನಸ್ಸನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.